ವಿಲ್ಕಾಟ್ ಊರಿನ ಎಂಟು ಡಿಗ್ರಿ

ವಿಲ್ಕಾಟ್ ಊರಿಗೆ ಪೂರ್ವದ ಕಡೆಯಿಂದ ಬರುವವರ ಕಣ್ಣಿಗೆ ಮೊದಲು ಬೀಳುವುದು ಗೋಧಿಯ ಕಣಜ, ಆಮೇಲೆ ಬೋರ್ಡು. ಕಣಜಗಳು ಒಂದು ಕಾಲಕ್ಕೆ ಐದಿದ್ದವು, ಈಗ ಉಳಿದಿರುವುದು ಒಂದೇ. ಬೋರ್ಡು ಮಾತ್ರ ಐವತ್ತು ವರ್ಷದಿಂದ ಗಾಳಿಗೆ ಜಗ್ಗದೆ ನಿಂತಿತ್ತು. ಮರದ ಹಲಗೆಯ ಮೇಲೆ ನೀಲಿ ಅಕ್ಷರ: "ಜನವರಿ 27, 1969. ಮೈನಸ್ 62 ಡಿಗ್ರಿ. ಸಸ್ಕಾಚೆವಾನ್ ಬಯಲಿನಲ್ಲಿ ನಮಗಿಂತ ತಣ್ಣಗಿನ ಪಟ್ಟಣವಿಲ್ಲ." ಕೆಳಗೆ ಸಣ್ಣದಾಗಿ, "ಅಳೆದವರು: ಪೆತ್ರೊ ವಾಸಿಲೆಂಕೊ."

ಇದರಲ್ಲಿ ಹೆಮ್ಮೆಪಡುವಂಥದ್ದು ಏನಿದೆ ಎಂದು ಹೊರಗಿನವರು ಕೇಳುತ್ತಾರೆ. ಅವರಿಗೆ ಊರಿನ ಕಥೆ ಗೊತ್ತಿಲ್ಲ, ಕೇಳಲಿ ಬಿಡಿ. 1906ರಲ್ಲಿ ರೈಲು ಬಂತು, ರೈಲಿನ ಹಿಂದೆ ಜನ ಬಂದರು. ಐದು ವರ್ಷದಲ್ಲಿ ಊರಿನ ಹಿರಿಯರಿಗೆ ತಲೆ ತಿರುಗಿ, ಇದು ಇನ್ನೇನು ಮಹಾನಗರವಾಗುತ್ತದೆಂದು ನಲವತ್ತೆರಡು ಬೀದಿಗಳ ನಕ್ಷೆ ಬರೆಸಿಬಿಟ್ಟರು. ಮನೆಗಳು ಹನ್ನೊಂದನೇ ಬೀದಿಯವರೆಗೆ ಬಂದವು, ಅಲ್ಲಿಗೆ ನಿಂತವು. ಹನ್ನೆರಡರಿಂದ ಆಚೆಗೆಲ್ಲ ಇವತ್ತಿಗೂ ಗೋಧಿ ಬೆಳೆಯುತ್ತದೆ. ಮೂವತ್ತರ ದಶಕದಲ್ಲಿ ಧೂಳು ಎದ್ದಾಗ ಅಡಿಗೆ ಬಡಿಸುವವರೆಗೂ ತಟ್ಟೆಗಳನ್ನು ಮೇಜಿನ ಮೇಲೆ ಬೋರಲು ಹಾಕಿಟ್ಟಿರುತ್ತಿದ್ದರು. ಆಮೇಲೆ ಇಟ್ಟಿಗೆ ಗೂಡು ಮುಚ್ಚಿತು, ರೈಲಿನ ಕಾರ್ಖಾನೆ ಬೇರೆ ಊರಿಗೆ ಹೋಯಿತು, ಆಸ್ಪತ್ರೆ ಅರ್ಧಕ್ಕೆ ಇಳಿಯಿತು. ಹೋಗುವುದೆಲ್ಲ ಹೋಯಿತು, ಚಳಿ ಮಾತ್ರ ಹೋಗಲಿಲ್ಲ. ಹಾಗಾಗಿ ಐದೂವರೆ ಸಾವಿರ ಜನ ಆ ಚಳಿಯನ್ನೇ ಹಿಡಿದುಕೊಂಡರು.

ಪ್ರತಿ ವರ್ಷ ಜನವರಿ ಇಪ್ಪತ್ತೇಳರ ಬೆಳಿಗ್ಗೆ ಎಂಟೂವರೆಗೆ ಊರಿಗೆ ಊರೇ ಬೋರ್ಡಿನ ಕೆಳಗೆ ಸೇರಿ, ಬಯಲಲ್ಲಿ ನಿಂತುಕೊಂಡೇ ಬಿಸಿ ಪ್ಯಾನ್‌ಕೇಕ್ ತಿನ್ನುತ್ತದೆ. ಒಂದೇ ನಿಯಮ: ತಿನ್ನುವ ಕೈಗೆ ಗವಸು ಹಾಕಬಾರದು. ನಲವತ್ತು ಮೈಲಿ ಆಚೆಯ ಸೋರ್ಬಿ ಪಟ್ಟಣದವರು ಇದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. 1938ರಿಂದ ಆ ಪಟ್ಟ ಅವರದಾಗಿತ್ತು, ಮೈನಸ್ ಐವತ್ತೆಂಟು. ವಿಲ್ಕಾಟ್‌ನ ಅರವತ್ತೆರಡು ಬಂದ ಮೇಲೆ ಅವರ ಬೋರ್ಡು ಯಾರದೋ ಕೊಟ್ಟಿಗೆಯ ಬಾಗಿಲಾಯಿತು.

ಈಗ ಪೆತ್ರೊನ ಮಗಳು ದಾರ್ಕಾಳ ವಿಷಯ. ವಯಸ್ಸು ಅರವತ್ತಮೂರು. ಮೂವತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಗಂಡ ನಲ್ಲಿ ರಿಪೇರಿಯವನು, ಒಳ್ಳೆಯ ಮನುಷ್ಯ, ಒಂಬತ್ತು ವರ್ಷದ ಹಿಂದೆ ತೀರಿಕೊಂಡ. ಮದುವೆಯಾದರೂ ಅವಳು ಅಪ್ಪನ ಹೆಸರು ಬಿಡಲಿಲ್ಲ. ಅವಳ ಹಿತ್ತಿಲಲ್ಲಿ ನಾಲ್ಕು ಕಾಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ ಇದೆ, ಸುತ್ತಲೂ ಗಾಳಿಯಾಡುವ ಹಲಗೆಪಟ್ಟಿ. ಒಳಗೆ ಥರ್ಮಾಮೀಟರುಗಳು. 1947ರಲ್ಲಿ ಹವಾಮಾನದವರು ಪೆತ್ರೊನಿಗೆ ವಹಿಸಿಕೊಟ್ಟಿದ್ದು, ಸಂಬಳವಿಲ್ಲದ ಕೆಲಸ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ನೋಡಿ ಪುಸ್ತಕದಲ್ಲಿ ಬರೆಯಬೇಕು, ತಿಂಗಳಿಗೊಮ್ಮೆ ನಕಲು ಕಳಿಸಬೇಕು. ಅಪ್ಪ ಹೋದ ಮೇಲೆ ಮಗಳು ಮುಂದುವರಿಸಿದಳು. ಚಳಿ ನಲವತ್ತು ದಾಟಿದ ದಿನ ಬಸ್ ಬಿಡುವುದಿಲ್ಲ, ಆದ್ದರಿಂದ ಬೆಳಿಗ್ಗೆ ಆರೂವರೆಗೇ ಡ್ರೈವರುಗಳೆಲ್ಲ ಅವಳಿಗೆ ಫೋನ್ ಮಾಡುತ್ತಿದ್ದರು. "ಸುಮಾರು ನಲವತ್ತು" ಎಂದು ಅವಳು ಒಂದು ದಿನವೂ ಹೇಳಿದವಳಲ್ಲ. ಮೂವತ್ತೊಂಬತ್ತೂವರೆ ಇದ್ದರೆ ಮೂವತ್ತೊಂಬತ್ತೂವರೆ, ಹೊರಡಿ ಬಸ್ ತಗೊಂಡು, ಅಷ್ಟೇ.

ಪುಸ್ತಕಕ್ಕೆ ಪೆತ್ರೊ ಹಾಕಿಕೊಟ್ಟ ಕಟ್ಟುಪಾಡು ಒಂದಿತ್ತು. ಬರೆದದ್ದನ್ನು ಅಳಿಸಬಾರದು, ಗೀಚಿ ಮುಚ್ಚಬಾರದು. ತಪ್ಪಾದರೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಸಂಖ್ಯೆ ಓದಲು ಬರಬೇಕು. ಸರಿಯಾದದ್ದನ್ನು ಮೇಲೆ ಬರೆದು ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಹಾಕಬೇಕು. ತಂಗಿಯ ಮದುವೆಯ ಮರುದಿನ ಅವನೇ ಮಳೆಯನ್ನು ಬೇರೆ ತಾರೀಖಿಗೆ ಬರೆದಿದ್ದ. ಆ ಗೆರೆ, ಆ ಅಕ್ಷರ, ಮದುವೆಯ ಕಾರಣ ಎಲ್ಲ ಈಗಲೂ 1969ರ ಪುಸ್ತಕದಲ್ಲಿವೆ.

ಬೋರ್ಡಿನ ಮೇಲೆ ಅಪ್ಪನ ಹೆಸರಿದ್ದರೂ ಆ ಇಪ್ಪತ್ತೇಳನೇ ತಾರೀಖು ಪೆಟ್ಟಿಗೆ ತೆರೆದವಳು ದಾರ್ಕಾ. ಪೆತ್ರೊ ರೈಲು ಹಳಿಯ ಮೇಸ್ತ್ರಿ. ಚಳಿಗೆ ಎಲ್ಲೋ ಹಳಿ ಸೀಳಿದೆಯೆಂದು ಹಿಂದಿನ ದಿನವೇ ಕರೆದುಕೊಂಡು ಹೋಗಿದ್ದರು. ಹದಿಮೂರು ವರ್ಷದ ಹುಡುಗಿ ಅಪ್ಪನ ಕೋಟು ತೊಟ್ಟು, ಮೂಗಿಗೆ ಶಾಲು ಸುತ್ತಿಕೊಂಡು ಹಿಮದಲ್ಲಿ ನಡೆದಳು. ಒಂದು ಥರ್ಮಾಮೀಟರಿನ ಪಾದರಸವೇ ಗಟ್ಟಿಯಾಗಿ ಕೂತಿತ್ತು, ಅದು ಕೆಲಸಕ್ಕೆ ಬಾರದು. ಇನ್ನೊಂದು ಅಡ್ಡಡ್ಡ ಮಲಗಿಸಿದ್ದು. ಅದರ ಸ್ಪಿರಿಟ್‌ನೊಳಗೆ ಒಂದು ಕಪ್ಪು ಕಡ್ಡಿ ಇರುತ್ತದೆ. ಚಳಿ ಏರಿದಂತೆ ಸ್ಪಿರಿಟ್ ಕಡ್ಡಿಯನ್ನು ಬುಡದ ಗಾಜಿನ ಗುಂಡಿನ ಕಡೆಗೆ ಎಳೆದುಕೊಂಡು ಹೋಗುತ್ತದೆ, ಚಳಿ ಇಳಿದರೆ ಕಡ್ಡಿಯನ್ನು ಅಲ್ಲೇ ಬಿಡುತ್ತದೆ. ಕಡ್ಡಿ ಎಲ್ಲಿ ಬಿದ್ದಿದೆಯೋ ಅದೇ ರಾತ್ರಿಯ ಅತಿ ಕಡಿಮೆ. ದಾರ್ಕಾ ನೋಡಿದಳು, ಆಗಿನ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೈನಸ್ ಅರವತ್ತೆರಡು. ಬರೆದಳು. ಅಪ್ಪ ಮಾಡುವಂತೆ ಗಾಜನ್ನು ಓರೆ ಮಾಡಿ ಕಡ್ಡಿಯನ್ನು ಜಾರಿಸಿ ಮುಂದಿನ ದಿನಕ್ಕೆ ಸಿದ್ಧಮಾಡಿದಳು.

ಅಪ್ಪ ಮರುದಿನ ಬಂದ. ಪುಸ್ತಕ ತೆರೆದವನು ತುಂಬಾ ಹೊತ್ತು ನೋಡಿದ.

"ಸರಿಯಾಗಿ ನೋಡಿದ್ಯಾ?"

"ನೋಡಿದೆ ಅಪ್ಪಾ."

"ಎರಡು ಸಲ?"

"ಮೂರು ಸಲ."

"ಹಾಗಾದ್ರೆ ಸರಿ," ಎಂದ. ಅವಳು ನೋಡಿದ್ದು ನಿಜ, ಮೂರು ಸಲ ನೋಡಿದ್ದೂ ನಿಜ. ಕಡ್ಡಿಯ ಯಾವ ತುದಿ ನೋಡಿದೆ ಎಂದು ಅವನು ಕೇಳಲಿಲ್ಲ, ಕೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ರಾಜಧಾನಿಯಿಂದ ಪತ್ರಿಕೆಯವರು ಬಂದು ಅಪ್ಪನನ್ನು ಪೆಟ್ಟಿಗೆಯ ಪಕ್ಕ ನಿಲ್ಲಿಸಿ ಚಿತ್ರ ತೆಗೆದರು. ಬೇಸಿಗೆಗೆ ಬೋರ್ಡು ಎದ್ದಿತು. ಎರಡು ವರ್ಷವಾದ ಮೇಲೆ ಅಪ್ಪ ಕೆಲಸವನ್ನು ಪೂರ್ತಿ ಕಲಿಸಲು ಕೂತಾಗ ಬೆರಳಿಟ್ಟು ತೋರಿಸಿದ, "ಗುಂಡಿನಿಂದ ದೂರದ ತುದಿ ನೋಡ್ಬೇಕು, ಹತ್ತಿರದ್ದಲ್ಲ." ಅವಳು ಹತ್ತಿರದ್ದನ್ನು ನೋಡಿದ್ದಳು. ಆ ಕಡ್ಡಿಯ ಉದ್ದ ಸರಿಯಾಗಿ ಎಂಟು ಡಿಗ್ರಿ.

ಅವತ್ತೇ ಹೇಳಬಹುದಿತ್ತು. ಆದರೆ ಅಪ್ಪ ಯಾರು ಸಿಕ್ಕಿದರೂ ಬೋರ್ಡಿನ ಕಡೆ ಕೈ ತೋರಿಸಿ, "ಹೆಸರು ನಂದು, ಕೆಲಸ ನನ್ನ ಮಗಳದ್ದು," ಎನ್ನುತ್ತಿದ್ದ. ಆ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. 1991ರಲ್ಲಿ ಅವನು ಸಾಯುವಾಗಲೂ ಬರಲಿಲ್ಲ. ಬೇರೆಯವರ ಪೈಸೆ ಸುಳ್ಳನ್ನೂ ಸಹಿಸದ ಹೆಂಗಸು, ಊರ ಬಾಗಿಲಲ್ಲೇ ನಿಂತ ತನ್ನ ತಪ್ಪಿನ ಕೆಳಗೆ ಪ್ರತಿ ವರ್ಷ ಪ್ಯಾನ್‌ಕೇಕ್ ತಿಂದಳು. ಅದು ಒಂದು ವರ್ಷವೂ ಅವಳಿಗೆ ರುಚಿಸಲಿಲ್ಲ.

ಐವತ್ತನೇ ವರ್ಷ ಹತ್ತಿರ ಬಂತು. ಮೇಯರ್ ಗಾರ್ಥ್ ಲಿಂಡ್‌ಕ್ವಿಸ್ಟ್, ಟೈರ್ ಅಂಗಡಿಯವನು, ದಾರ್ಕಾಳ ಜೊತೆ ಒಂದೇ ತರಗತಿಯಲ್ಲಿ ಓದಿದವನು, ಮರದ ಹಲಗೆ ತೆಗೆಸಿ ಉಕ್ಕಿನ ಬೋರ್ಡು ಮಾಡಿಸುತ್ತಿದ್ದ. ಸಂಖ್ಯೆಯನ್ನು ಉಕ್ಕಿನಲ್ಲೇ ಕೊರೆಸಿ ಆಗಿತ್ತು. ಪರದೆ ಸರಿಸುವವಳು ದಾರ್ಕಾ. ಅದೇ ಚಳಿಗಾಲದಲ್ಲಿ ಅವಳ ಮಂಡಿ ಕೈಕೊಟ್ಟಿತು, ಪೆಟ್ಟಿಗೆಯನ್ನು ಇನ್ನೊಬ್ಬರಿಗೆ ಒಪ್ಪಿಸುವ ಕಾಲ ಬಂತು. ಒಪ್ಪಿಕೊಂಡವಳು ಪಕ್ಕದ ಮನೆಯ ಮಾರಿಸೆಲ್. ಫಿಲಿಪೀನ್ಸ್‌ನಿಂದ ಬಂದು ನಾಲ್ಕು ವರ್ಷ, ವೃದ್ಧಾಶ್ರಮದಲ್ಲಿ ಕೆಲಸ. ಅವಳು ದಾರ್ಕಾಳನ್ನು ಟೀತಾ ಎಂದು ಕರೆಯುತ್ತಿದ್ದಳು. ಅವರ ಕಡೆ ಅತ್ತೆಗೂ ಚಿಕ್ಕಮ್ಮನಿಗೂ ಅದೇ ಮಾತು.

ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಮಾರಿಸೆಲ್ ಮೊದಲ ಸಲ ಒಬ್ಬಳೇ ಪೆಟ್ಟಿಗೆ ತೆರೆದಳು. ಎರಡು ಕೋಟು, ಅದರ ಮೇಲೊಂದು ಕೋಟು. ದಾರ್ಕಾ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು.

"ಎಷ್ಟು?"

"ಮೈನಸ್ ಮೂವತ್ತಾರು, ಟೀತಾ." ಈಗಿನ ಲೆಕ್ಕ ಸೆಲ್ಸಿಯಸ್‌ನಲ್ಲಿ. "ಬರೆದೂ ಬಿಟ್ಟೆ. ಶಾಯಿ ಗಟ್ಟಿಯಾಗೋ ಮುಂಚೆ."

ಕೆನ್ನೆಗೆ ಹತ್ತಿದ ಗಾಳಿಯಲ್ಲೇ ದಾರ್ಕಾಳಿಗೆ ಗೊತ್ತಾಯಿತು, ಮೂವತ್ತಾರು ಇರಲಾರದು. ಕುಂಟುತ್ತ ಇಳಿದು ಹೋಗಿ ಬಗ್ಗಿ ನೋಡಿದಳು. ಮೂವತ್ತೆರಡು.

"ಯಾವ ತುದಿ ನೋಡಿದೆ?"

ಮಾರಿಸೆಲ್ ತೋರಿಸಿದಳು. ಗುಂಡಿನ ಹತ್ತಿರದ ತುದಿ. ಹಳೆಯ ಎಂಟು ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ನಾಲ್ಕು.

"ಎರಡು ತುದಿ ಇದೆ ಅಂತ ನೀವು ಹೇಳಲೇ ಇಲ್ಲವಲ್ಲ ಟೀತಾ."

ಅದು ನಿಜ. ನಲವತ್ತೆಂಟು ವರ್ಷದಿಂದ ಆ ಎರಡು ತುದಿಗಳನ್ನು ಬಿಟ್ಟು ಬೇರೇನನ್ನೂ ಯೋಚಿಸದವಳು, ಕಲಿಸುವಾಗ ಆ ಒಂದು ಮಾತನ್ನೇ ನುಂಗಿಕೊಂಡಿದ್ದಳು. ದೂರದ ತುದಿ ಎಂದು ಈಗ ಹೇಳಿದಳು. ಗೆರೆ ಎಳೆಯುವ ಕ್ರಮವನ್ನೂ ಹೇಳಿದಳು. ಮಾರಿಸೆಲ್ ಅಲ್ಲೇ ಹಲಗೆಗೆ ಪುಸ್ತಕ ಆನಿಸಿ ಒಂದು ಗೆರೆ ಎಳೆದಳು, ಮೇಲೆ ಮೂವತ್ತೆರಡು ಎಂದು ಬರೆದಳು, ಪಕ್ಕದಲ್ಲಿ ಒಂದಕ್ಷರ ಹಾಕಿದಳು.

"ಅಷ್ಟೇನಾ?"

"ಅಷ್ಟೇ."

"ಸದ್ಯ. ಬೈತೀರೇನೋ ಅಂದ್ಕೊಂಡೆ. ಈ ತಪ್ಪು ಮುಂಚೆ ಯಾರಾದ್ರೂ ಮಾಡಿದ್ದಾರಾ?"

ದಾರ್ಕಾ ಅವಳನ್ನು ಒಳಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು, ಆಲೂಗಡ್ಡೆ ತುಂಬಿದ ಪಿರೊಹಿ ಕಡುಬು ಬಿಸಿ ಮಾಡಿ ಮುಂದಿಟ್ಟಳು. ಆಮೇಲೆ ನೆಲಮಾಳಿಗೆಯಿಂದ 1969ರ ಪುಸ್ತಕ ತಂದು ಬಿಡಿಸಿದಳು. ಎಷ್ಟೋ ವರ್ಷದಿಂದ ಆ ಪುಟ ನೋಡಿರಲಿಲ್ಲ. ಅವಳ ಬಾಲ್ಯದ ಕೈಬರಹದ 62, ಅದರ ಮುಂದೆ "ವಿಶೇಷ" ಎಂಬ ಮನೆಯಲ್ಲಿ ಅಪ್ಪನ ಅಕ್ಷರ: "ಗಾಳಿ ಇಲ್ಲ. ದಾರ್ಕಾ ನೋಡಿದಳು. ಧೈರ್ಯದ ಹುಡುಗಿ."

"ನಾನು ಮಾಡಿದ್ದೀನಿ," ಎಂದಳು, ಪೂರ್ತಿ ಕಥೆ ಹೇಳಿದಳು. ಹೇಳುತ್ತ ಅತ್ತಳು. ಮಾರಿಸೆಲ್ ಪೆನ್ನು ತೆಗೆದು ಅವಳ ಕೈಗಿಟ್ಟಳು. ಆ ಗೆರೆ ಎಳೆಯಲು ದಾರ್ಕಾಳಿಗೆ ಅರ್ಧ ಗಂಟೆ ಹಿಡಿಯಿತು.

ಪುಸ್ತಕದಲ್ಲಿ ತಿದ್ದುವುದು ಒಂದು, ಊರಿಗೆ ಹೇಳುವುದು ಇನ್ನೊಂದು. ಮರುದಿನ ಹತ್ತು ಗಂಟೆಗೆ ಅವಳು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಕ್ವಾನ್ ಹೋಟೆಲಿಗೆ ಹೋದಳು. ಊರಿನ ಗಂಡಸರು ಕಿಟಕಿ ಬದಿಯ ಉದ್ದ ಮೇಜಿನಲ್ಲಿ ದಾಳ ಉರುಳಿಸಿ, ಸೋತವನ ಕೈಲಿ ಕಾಫಿ ಕೊಡಿಸಿಕೊಳ್ಳುವ ಹೊತ್ತು. ಗಾರ್ಥ್ ಇದ್ದ. ಕಣಜದಲ್ಲಿ ನಲವತ್ತು ವರ್ಷ ಗೋಧಿ ತೂಗಿ ನಿವೃತ್ತನಾದ ಮುದುಕ ಆರ್ಮಂಡ್ ಇದ್ದ.

"ಏನೇ ದಾರ್ಕಾ, ಭಾಷಣ ಬರ್ಕೊಂಡ್ಯಾ?" ಎಂದ ಗಾರ್ಥ್.

"ಬೋರ್ಡು ತಪ್ಪು, ಗಾರ್ಥ್."

"ಏನು ತಪ್ಪು? ನಿಮ್ಮಪ್ಪನ ಹೆಸರು ದೊಡ್ಡದಾಗೇ ಹಾಕ್ಸಿದ್ದೀನಲ್ಲ."

"ಸಂಖ್ಯೆ ತಪ್ಪು. ಅರವತ್ತೆರಡಲ್ಲ, ಐವತ್ನಾಲ್ಕು. ಕಡ್ಡಿಯ ತಪ್ಪು ತುದಿ ನೋಡಿದ್ದೆ ನಾನು."

ಆರ್ಮಂಡ್ ಕೈಯಲ್ಲಿದ್ದ ದಾಳ ಕೆಳಗಿಟ್ಟ. "ಸೋರ್ಬಿಯೋರದ್ದು ಎಷ್ಟಮ್ಮಾ?"

"ಐವತ್ತೆಂಟು."

ಗಾರ್ಥ್‌ನ ಕಿವಿ ಕೆಂಪಾಯಿತು. "ಐವತ್ತು ವರ್ಷ ಸುಮ್ನಿದ್ದೋಳು, ಇನ್ನು ಹತ್ತು ದಿನ ಸುಮ್ನಿರೋಕೆ ಆಗಲ್ವೇನೇ ನಿಂಗೆ?"

"ಐವತ್ತು ವರ್ಷ ಸುಮ್ನಿದ್ದೆನಲ್ಲ, ಅದಕ್ಕೇ ಆಗಲ್ಲ."

"ಉಕ್ಕು ಕೊರೆದಾಗಿದೆ. ಅದನ್ನ ಹೊಲಿಯೋಕೆ ಬರುತ್ತಾ? ಅದೂ ಬಿಡು, ನಿಮ್ಮಪ್ಪನ ಮಾನ?"

"ತಪ್ಪಾದ್ರೆ ಗೆರೆ ಹೊಡೀಬೇಕು ಅಂತ ಹೇಳಿಕೊಟ್ಟಿದ್ದೇ ನಮ್ಮಪ್ಪ."

"ನಮ್ಮಪ್ಪನ ಎಡಗಿವಿಯ ತುದಿ ಅವತ್ತೇ ಹೋಗಿದ್ದು," ಎಂದ ಗಾರ್ಥ್. ದನಿ ಏರಿತ್ತು. "ಅರವತ್ತೆರಡಕ್ಕೆ ಹೋಯ್ತು ಅಂತ ಸಾಯೋವರೆಗೂ ಹೇಳ್ಕೊಂಡು ತಿರುಗಿದ. ಅವನಿಗೆ ಏನು ಹೇಳ್ಲಿ?"

"ಐವತ್ನಾಲ್ಕಕ್ಕೂ ಕಿವಿ ಹೋಗುತ್ತೆ ಗಾರ್ಥ್."

ಆರ್ಮಂಡ್ ಒಳಗೊಳಗೇ ನಕ್ಕು, ಕೆಮ್ಮಿದಂತೆ ನಟಿಸಿದ. ಗಾರ್ಥ್ ನಗಲಿಲ್ಲ. "ಆ ಪುಸ್ತಕ ಇಲ್ಲಿ ಕೊಡು," ಎಂದು ಕಿತ್ತುಕೊಂಡಂತೆ ತೆಗೆದುಕೊಂಡು, ಕಾಫಿ ಬಿಟ್ಟು ಎದ್ದು ಹೋದ.

ಸುದ್ದಿ ಮಧ್ಯಾಹ್ನದೊಳಗೆ ಹನ್ನೊಂದೂ ಬೀದಿ ಸುತ್ತಿತು. ಮುಂದಿನ ವಾರ ದಾರ್ಕಾಳಿಗೆ ಕಷ್ಟದ ವಾರ. ಅಂಚೆ ಕಚೇರಿಯಲ್ಲಿ "ಇವತ್ತು ಎಷ್ಟು ದಾರ್ಕಾ?" ಎಂದು ಕೇಳುವವರು ಕೇಳಲಿಲ್ಲ. ಅವಳದೇ ಬಸ್ಸಿನಲ್ಲಿ ಹನ್ನೆರಡು ವರ್ಷ ಓಡಾಡಿದ ಒಬ್ಬ ಹೆಂಗಸು, ಮಿಕ್ಕ ಲೆಕ್ಕಗಳೂ ಹೀಗೇ ಇರಬೇಕು ಎಂದು ಎಲ್ಲರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು. ಆ ಮಾತು ಮಾತ್ರ ದಾರ್ಕಾಳಿಗೆ ನಾಟಿತು. ಎಪ್ಪತ್ತೆರಡು ವರ್ಷದ ಲೆಕ್ಕ, ಅಪ್ಪನದೂ ಸೇರಿ. ಒಂದು ಸಂಖ್ಯೆಯಿಂದ ಅಷ್ಟೂ ನೀರಿಗೆ ಹೋದರೆ ಎಂಬ ಭಯದಲ್ಲಿ ಅವಳಿಗೆ ಊಟ ಸೇರಲಿಲ್ಲ. ಹವಾಮಾನದವರಿಗೆ ಕಾಗದ ಬರೆದು ಹಾಕಿದಳು. ಮಾರಿಸೆಲ್ ದಿನವೂ ಎಂಟಕ್ಕೆ ಬಂದು ಪೆಟ್ಟಿಗೆ ತೆರೆದಳು, ದೂರದ ತುದಿ ನೋಡಿದಳು, ಬರೆದಳು. 1969ರ ಪುಸ್ತಕ ಗಾರ್ಥ್‌ನಿಂದ ವಾಪಸು ಬರಲಿಲ್ಲ.

ಇಪ್ಪತ್ತೇಳು ಭಾನುವಾರ. ದಾರ್ಕಾ ಹೋಗುವುದಿಲ್ಲ ಎಂದು ಕೂತಿದ್ದಳು. ಎಂಟರ ಅಂಕಿ ಬರೆದು ಮುಗಿಸಿದ ಮಾರಿಸೆಲ್ ಅವಳ ಬೂಟು ತಂದು ಕಾಲ ಬುಡಕ್ಕಿಟ್ಟಳು.

"ಏಳಿ ಟೀತಾ. ನಾನು ನಾಲ್ಕು ವರ್ಷದಿಂದ ಆ ಪ್ಯಾನ್‌ಕೇಕ್ ತಿಂದಿಲ್ಲ, ಯಾವಾಗ್ಲೂ ಡ್ಯೂಟಿ. ಈ ವರ್ಷ ರಜ ಹಾಕಿದ್ದೀನಿ."

ಬೋರ್ಡಿನ ಹತ್ತಿರ ಎಂದಿಗಿಂತ ಹೆಚ್ಚು ಜನ. ಒಲೆಗಳ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಒಂದು ಕಡೆ ಸೋರ್ಬಿಯ ಟ್ರಕ್ಕುಗಳು ಸಾಲಾಗಿ ನಿಂತಿದ್ದವು. ಅವರ ಪೈಕಿ ಒಬ್ಬ ದಾರ್ಕಾಳನ್ನು ನೋಡಿ ಟೋಪಿ ಮುಟ್ಟಿ ಹೇಳಿದ, "ನಮ್ಮ ಹಳೇ ಬೋರ್ಡು ಕೊಟ್ಟಿಗೆ ಬಾಗಿಲಾಗಿದೆಯಮ್ಮಾ. ಕಿತ್ಕೊಂಡು ಹೋದ್ರೆ ದನಕ್ಕೆ ಏನಂತ ಹೇಳೋದು, ನೀವೇ ಹೇಳಿ." ಹಿಂದಿನಿಂದ ಆರ್ಮಂಡ್ ಉತ್ತರ ಕೊಟ್ಟ, "ನಿಮ್ಮೂರಲ್ಲಿ ಓದು ಬರೋದು ಆ ದನಕ್ಕೊಂದಕ್ಕೇ, ಅದಕ್ಕೇ ಬಿಟ್ಬಿಡಿ." ಎರಡೂ ಊರಿನವರು ನಕ್ಕರು.

ಗಾರ್ಥ್ ಪರದೆಯ ಪಕ್ಕ ನಿಂತಿದ್ದ. ದಾರ್ಕಾಳ ಕಡೆ ನೋಡದೆ, "ಬಾ," ಎಂದ. ಅವಳು ಹೋದಳು. ಅವನೇ ಹಗ್ಗ ಎಳೆದ.

ಉಕ್ಕಿನ ಬೋರ್ಡಿನಲ್ಲಿ 62 ಕೊರೆದದ್ದು ಹಾಗೇ ಇತ್ತು. ಅದರ ಮೇಲೆ ಅಡ್ಡವಾಗಿ ಕೆಂಪು ಬಣ್ಣದ ಒಂದು ಗೆರೆ, ಒಂದೇ ಗೆರೆ, ಕೆಳಗಿನ ಸಂಖ್ಯೆ ಚೆನ್ನಾಗಿ ಓದಲು ಬರುತ್ತಿತ್ತು. ಮೇಲೆ ಕೈಯಲ್ಲಿ ಬರೆದ 54. "ನಮಗಿಂತ ತಣ್ಣಗಿನ ಪಟ್ಟಣವಿಲ್ಲ" ಎಂಬ ಸಾಲಿನ ಮೊದಲಿಗೆ ಕೈಯಲ್ಲೇ ಸೇರಿಸಿದ್ದು "ಸೋರ್ಬಿ ಬಿಟ್ಟರೆ". ಕೆಳಗೆ ಪೆತ್ರೊ ವಾಸಿಲೆಂಕೊ ಎಂಬ ಹೆಸರಿಗೆ ಯಾರೂ ಕೈ ಹಚ್ಚಿರಲಿಲ್ಲ.

"ಆ ಪುಸ್ತಕ ಪೂರ್ತಿ ನೋಡಿದೆ ಕಣೇ," ಎಂದ ಗಾರ್ಥ್, ಪಕ್ಕದವರಿಗೂ ಕೇಳುವ ಹಾಗೆ. "ಪುಟಪುಟಕ್ಕೂ ಗೆರೆ. ಮಳೆದು, ಹಿಮದ್ದು, ಮದುವೆ ಮಾರನೇ ದಿನದ್ದು. ಅಷ್ಟು ಗೆರೆ ಹೊಡೆದೋರ ಮಿಕ್ಕ ಲೆಕ್ಕ ಸರಿಯಾಗೇ ಇರ್ಬೇಕು ಅನ್ನಿಸ್ತು." ಕೋಟಿನೊಳಗಿಂದ ಒಂದು ಸಣ್ಣ ಬಣ್ಣದ ಡಬ್ಬಿ, ಒಂದು ಕುಂಚ ತೆಗೆದ. ಹೆಪ್ಪುಗಟ್ಟದಿರಲೆಂದು ಬೆಳಗಿನಿಂದ ಎದೆಗೆ ಅವಚಿಕೊಂಡಿದ್ದನಂತೆ. "ಅಕ್ಷರ ನೀನೇ ಹಾಕ್ಬೇಕಲ್ಲ. ನಾನು ಹಾಕಿದ್ರೆ ನಡೆಯಲ್ಲ. ಬೇಗ ಹಾಕು, ಗಟ್ಟಿಯಾಗುತ್ತೆ."

ದಾರ್ಕಾ ಬಲಗೈಯ ಗವಸು ತೆಗೆದಳು. ಐವತ್ತನಾಲ್ಕರ ಪಕ್ಕದಲ್ಲಿ ತನ್ನ ಹೆಸರಿನ ಎರಡು ಅಕ್ಷರ ಬರೆದಳು. ಎರಡನೆಯದಕ್ಕೆ ಬರುವಷ್ಟರಲ್ಲಿ ಬಣ್ಣ ಮಂದವಾಗಿ ಕುಂಚ ತೊದಲಿತು, ಆದರೂ ಓದಲು ಬರುತ್ತಿತ್ತು. ಕಣ್ಣೀರು ರೆಪ್ಪೆಯಲ್ಲೇ ಗಟ್ಟಿಯಾಯಿತು, ಅದನ್ನು ಕರಗಿಸಲು ಮಾರಿಸೆಲ್ ಬೆಚ್ಚಗಿನ ಬೆರಳು ಒತ್ತಬೇಕಾಯಿತು. ಆಮೇಲೆ ಎಲ್ಲರೂ ಬರಿಗೈಯಲ್ಲಿ ಪ್ಯಾನ್‌ಕೇಕ್ ತಿಂದರು. ದಾರ್ಕಾ ಐದು ತಿಂದಳು.

ಸಂಜೆ ಐದಕ್ಕೆ ಅವಳು ಹಿತ್ತಿಲಿಗೆ ಹೋಗಲಿಲ್ಲ, ಕಿಟಕಿಯಿಂದ ನೋಡಿದಳು. ಮಾರಿಸೆಲ್ ಅಂಕಿ ಬರೆದು, ಪುಸ್ತಕ ಮೇಜಿನ ಮೇಲಿಟ್ಟು ಮನೆಗೆ ಹೋದಳು. ದಾರ್ಕಾ ಕನ್ನಡಕ ಹಾಕಿಕೊಂಡು ತೆರೆದಳು. ಬೆಳಗಿನ ಅತಿ ಕಡಿಮೆ, ಮೈನಸ್ ಮೂವತ್ತೊಂದು. ಅದರ ಮುಂದೆ "ವಿಶೇಷ" ಎಂಬ ಮನೆಯಲ್ಲಿ ಮಾರಿಸೆಲ್‌ಳ ದುಂಡನೆಯ ಅಕ್ಷರ:

"ಗಾಳಿ ಇಲ್ಲ. ಟೀತಾ ಗೆರೆಗೆ ಸಹಿ ಹಾಕಿದರು. ಧೈರ್ಯದ ಹುಡುಗಿ."